27 ಸುತ್ತು: ಸಣ್ಣ ಊರೊಂದರ ಇಡೀ ವರ್ಷವನ್ನು ಫೋಟೊದಲ್ಲಿ ಹಿಡಿಯುವ ಬಗೆ

ಜೂನ್ ಕೊನೆಯ ವಾರ ಶಿರಸಿಯ ಯಾವುದಾದರೂ ಚಾ ಅಂಗಡಿಯಲ್ಲಿ ಕೂತು ‘ಮಳೆ ಹೇಗಿದೆ’ ಅಂತ ಕೇಳಿ ನೋಡಿ. ಮಿಲಿಮೀಟರ್ ಲೆಕ್ಕ ಯಾರೂ ಕೊಡುವುದಿಲ್ಲ. ‘ಆರಿದ್ರೆ ಹಿಡಿದು ನಾಲ್ಕು ದಿನ ಆತು, ಹನಿ ಕಡದ್ದೇ ಇಲ್ಲೆ’ ಅನ್ನುತ್ತಾರೆ. ನಮ್ಮ ಕಡೆ ಕಾಲದ ಲೆಕ್ಕ ಇರುವುದೇ ಹಾಗೆ, ಮಳೆನಕ್ಷತ್ರದ ಹೆಸರಿನಲ್ಲಿ. ಫೋಟೊ ತೆಗೆಯುವಾಗ ಮಾತ್ರ ನಾನು ಬಹಳ ವರ್ಷ ಈ ಲೆಕ್ಕವನ್ನು ಮರೆತಿದ್ದೆ. ಮಳೆ ಜೋರಾದರೆ ಒಂದು, ಜಾತ್ರೆಗೆ ನೂರು, ಮಂಜು ಬಿದ್ದರೆ ಹತ್ತು. ಒಂದು ದಿನ ಎಲ್ಲವನ್ನೂ ಹರಡಿಕೊಂಡು ಕೂತೆ. ಚೆಂದವೇನೋ ಇದ್ದವು. ಆದರೆ ಯಾವ ವರ್ಷದ್ದು ಯಾವುದು ಎಂದು ಗೊತ್ತಾಗಲಿಲ್ಲ. ಹಳೆ ಹಂಚಿನ ಅಂಗಡಿಸಾಲು ಯಾವಾಗ ಹೋಗಿ ಸ್ಲ್ಯಾಬಿನ ಕಟ್ಟಡ ಬಂತು ಎಂಬುದಕ್ಕೆ ಒಂದೂ ಸಾಕ್ಷಿ ಇರಲಿಲ್ಲ. ಎಲ್ಲವೂ ಕ್ಯಾಲೆಂಡರಿನ ಚಿತ್ರಗಳು.

ಆಮೇಲೆ ಕಂಡುಕೊಂಡ ದಾರಿ ಇದು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು, ಹೋದಾಗಲೆಲ್ಲ ಹೆಸರು-ದಿನಾಂಕ ಬರೆದಿಡುವುದು. ಉಳಿದದ್ದೆಲ್ಲ ಇವೆರಡರ ವಿವರ. ಉದಾಹರಣೆಗಳು ಶಿರಸಿಯವು, ಏಕೆಂದರೆ ನನಗೆ ಗೊತ್ತಿರುವ ಊರು ಅದೊಂದೇ. ನಿಮ್ಮದು ಅಥಣಿಯೋ ಚಳ್ಳಕೆರೆಯೋ ಆಗಿದ್ದರೆ ಅಡಿಕೆ ಇದ್ದಲ್ಲಿ ಕಬ್ಬು, ಶೇಂಗಾ ಹಾಕಿಕೊಳ್ಳಿ.

ಹಂತ 1: ಆರು ಜಾಗ ಗೊತ್ತು ಮಾಡಿ

ಹತ್ತು-ಹನ್ನೆರಡು ಜಾಗ ಬೇಡ. ಮೊದಲ ವರ್ಷದ ಉತ್ಸಾಹಕ್ಕೆ ಹದಿನೈದು ಆರಿಸಿಕೊಂಡು ಮೂರನೇ ತಿಂಗಳಿಗೇ ಕೈಬಿಟ್ಟವನು ನಾನು. ಆರು ಸಾಕು.

ಜಾಗ ಹೇಗಿರಬೇಕು? ನೀವು ಹೇಗೂ ಓಡಾಡುವ ದಾರಿಯಲ್ಲಿರಬೇಕು. ಫೋಟೊಕ್ಕೆಂದೇ ಹೋಗಬೇಕಾದ ಜಾಗಕ್ಕೆ ಆಷಾಢದಲ್ಲಿ ನೀವು ಹೋಗುವುದಿಲ್ಲ. ನಿಲ್ಲುವಲ್ಲಿ ತಲೆ ಮೇಲೊಂದು ಸೂರಿದ್ದರೆ ಒಳ್ಳೆಯದು. ಮುಖ್ಯವಾಗಿ, ಅಲ್ಲಿ ಏನಾದರೂ ಬದಲಾಗುತ್ತಿರಬೇಕು: ನೀರು, ಸರಕು, ಜನರ ಬಟ್ಟೆ, ಬೆಳಕು. ಗೋಪುರ, ಗುಡ್ಡ ಇವೆಲ್ಲ ಈ ಕೆಲಸಕ್ಕೆ ಅಷ್ಟು ಉಪಯೋಗವಿಲ್ಲ. ಅವು ಇದ್ದ ಹಾಗೇ ಇರುತ್ತವೆ.

ನನ್ನ ಆರು ಇವು: ದೇವಿಕೆರೆಯ ದಂಡೆ, ಜಾತ್ರೆ ನಡೆಯುವ ಬಿಡಕಿಬಯಲಿನ ಒಂದು ಮೂಲೆ, ಸಂತೆಯಲ್ಲಿ ಸೊಪ್ಪು ಮಾರುವವರ ಸಾಲು, ಬಸ್‌ಸ್ಟ್ಯಾಂಡ್ ಪಕ್ಕದ ಚಾ ಅಂಗಡಿಯ ಬೆಂಚು, ನೆಂಟರೊಬ್ಬರ ಅಡಿಕೆ ಅಂಗಳ, ನಮ್ಮ ಮನೆಯ ಅಡುಗೆಕೋಣೆಯ ಕಿಟಕಿ. ಕೊನೆಯದನ್ನು ಕೇಳಿ ಜನ ನಗುತ್ತಾರೆ. ಆದರೆ ಇಡೀ ಸಂಗ್ರಹದಲ್ಲಿ ಹೆಚ್ಚು ಮಾತಾಡುವುದು ಅದೇ. ಏಪ್ರಿಲ್‌ನಲ್ಲಿ ಕಿಟಕಿಯ ಕಟ್ಟೆ ಮೇಲೆ ಮುರುಗಲ ಸಿಪ್ಪೆ ಒಣಗುತ್ತಿರುತ್ತದೆ, ಜುಲೈನಲ್ಲಿ ಅದೇ ಸರಳಿಗೆ ಒಣಗದ ಬಟ್ಟೆ ಜೋತಿರುತ್ತದೆ, ಜನವರಿಯಲ್ಲಿ ಬೆಕ್ಕು ಬಿಸಿಲು ಕಾಯಿಸುತ್ತಿರುತ್ತದೆ.

ಜಾಗ ಗೊತ್ತಾದ ಮೇಲೆ ಪಾದ ಇಡುವಲ್ಲಿ ಗುರುತು ಮಾಡಿಕೊಳ್ಳಿ: ಒಡೆದ ಕಲ್ಲು, ಮೋರಿಯ ಕಟ್ಟೆ, ಕಂಬದ ಬುಡ. ಫ್ರೇಮಿಗೂ ಎರಡು ಗುರುತು ಬೇಕು. ದೇವಿಕೆರೆಯಲ್ಲಿ ನನ್ನ ಚಿತ್ರದ ಎಡ ಅಂಚಿಗೆ ಒಂದು ಲೈಟ್ ಕಂಬ ತಾಗುತ್ತದೆ, ಆಚೆ ದಂಡೆಯ ಕಟ್ಟಡದ ಸೂರಿನ ಗೆರೆ ಮೇಲಿನಿಂದ ಮೂರನೇ ಒಂದು ಭಾಗಕ್ಕೆ ಬರುತ್ತದೆ. ಹಿಂದಿನ ಸಲದ ಫೋಟೊ ಮೊಬೈಲ್‌ನಲ್ಲಿ ತೆರೆದು ಹೊಂದಿಸಿ ನೋಡಿದರೆ ಅರ್ಧ ನಿಮಿಷದ ಕೆಲಸ. ಝೂಮ್ ಮಾಡಬೇಡಿ; ಯಾವಾಗಲೂ 1 ಎಕ್ಸ್ ಲೆನ್ಸೇ ಇರಲಿ. ಎತ್ತರ ಎದೆಮಟ್ಟ, ಮೊಬೈಲ್ ಅಡ್ಡಲಾಗಿ.

ಬೆಳಕಿನ ದಿಕ್ಕನ್ನೂ ಒಮ್ಮೆ ಯೋಚಿಸಿ. ಶಿರಸಿ ಇರುವುದು ಸುಮಾರು 14.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮಧ್ಯಕ್ಕೊಮ್ಮೆ ಮಧ್ಯಾಹ್ನ ಸೂರ್ಯ ನೆತ್ತಿಗೇ ಬರುತ್ತಾನೆ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಉತ್ತರಕ್ಕೆ ಮುಖ ಮಾಡಿದ ಅಂಗಡಿಯ ಬಾಗಿಲಿಗೆ ಮಧ್ಯಾಹ್ನದ ಬಿಸಿಲು ನೇರ ಬೀಳುವುದು ಮೇ ತಿಂಗಳ ಕೆಲವು ದಿನ ಮಾತ್ರ. ಜೂನ್‌ಗೆ ಮೋಡ ಮುಚ್ಚುತ್ತದೆ. ಆ ಅಂಗಡಿಯವರು ಮೇ ತಿಂಗಳಲ್ಲಷ್ಟೇ ಗೋಣಿತಾಟು ಕಟ್ಟುತ್ತಾರೆ. ಯಾಕೆಂದು ನನಗೆ ಹೊಳೆದದ್ದು ಎರಡು ವರ್ಷದ ಚಿತ್ರ ಅಕ್ಕಪಕ್ಕ ಇಟ್ಟಾಗ.

ಹಂತ 2: ಪಂಚಾಂಗ ನೋಡಿ ದಿನ ಗುರುತಿಸಿ

ತಿಂಗಳಿಗೊಂದು ಅಂತ ಇಟ್ಟುಕೊಂಡರೆ ವರ್ಷಕ್ಕೆ 12 ಚಿತ್ರ, ಮಲೆನಾಡಿನ ವೇಗಕ್ಕೆ ಅದು ಸಾಲದು. ವಾರಕ್ಕೊಂದು ಹೆಚ್ಚಾಯಿತು. ನಮ್ಮ ಹಿರಿಯರ ಮಳೆನಕ್ಷತ್ರದ ಲೆಕ್ಕ ಇವೆರಡರ ಮಧ್ಯೆ ಸರಿಯಾಗಿ ಕೂರುತ್ತದೆ. ಸೂರ್ಯ ಒಂದು ನಕ್ಷತ್ರದಲ್ಲಿ ಇರುವುದು 13-14 ದಿನ; ವರ್ಷಕ್ಕೆ 27 ನಕ್ಷತ್ರ, ಅಂದರೆ ಆರೂ ಜಾಗಕ್ಕೆ 27 ಸುತ್ತು. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿಯಿಂದ ಶುರು. ಜೂನ್ 8ರ ಹೊತ್ತಿಗೆ ಮೃಗಶಿರಾ, 22ಕ್ಕೆ ಆರಿದ್ರಾ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷಾ, 17ಕ್ಕೆ ಮಘಾ. ನವೆಂಬರ್‌ನ ವಿಶಾಖಾವರೆಗಿನ 16 ಮಳೆನಕ್ಷತ್ರಗಳು. ಉಳಿದ 11 ಚಳಿಗೆ, ಬೇಸಿಗೆಗೆ. ಗೋಡೆಯ ಕ್ಯಾಲೆಂಡರಿನಲ್ಲೇ ದಿನಾಂಕ ಇರುತ್ತದೆ. ಒಂದೊಂದಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ.

ಇದರಲ್ಲೊಂದು ಲಾಭವಿದೆ. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ’, ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’ — ಇಂಥ ಗಾದೆ ಹೇಳಿಕೊಂಡೇ ಬಿತ್ತನೆ, ನಾಟಿ ನಡೆದ ನೆಲ ಇದು. ಚಿತ್ರದ ಹೆಸರಲ್ಲೇ ನಕ್ಷತ್ರ ಸೇರಿದರೆ ಅದು ಊರಿನವರ ನೆನಪಿಗೆ ಕೂಡಿಕೊಳ್ಳುತ್ತದೆ. ‘ಜುಲೈ 24’ ಅಂದರೆ ನಮ್ಮ ಚಿಕ್ಕಪ್ಪನಿಗೆ ಏನೂ ನೆನಪಾಗುವುದಿಲ್ಲ. ‘ಪುಷ್ಯ ಮಳೆ’ ಅಂದರೆ ಆ ವರ್ಷ ತೋಟದ ಕಾಲುಸಂಕ ತೇಲಿಹೋದದ್ದರಿಂದ ಶುರುಮಾಡುತ್ತಾನೆ.

ನಕ್ಷತ್ರ ಹಿಡಿದ ದಿನವೇ ಹೋಗಬೇಕೆಂದಿಲ್ಲ, ಅದರೊಳಗೆ ಯಾವ ದಿನವಾದರೂ ಸರಿ. ಹೊತ್ತು ಮಾತ್ರ ಬದಲಿಸಬೇಡಿ. ನನ್ನದು ಬೆಳಿಗ್ಗೆ ಏಳೂವರೆ. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ಕೆರೆ ಮೇಲೆ ಮಂಜು ಕೂತಿರುತ್ತದೆ, ಏಪ್ರಿಲ್‌ನಲ್ಲಿ ಆಗಲೇ ಬೆವರು. ಒಂದು ಸುತ್ತು ತಪ್ಪಿದರೆ ತಪ್ಪಿತು. ಆಮೇಲೆ ಹೋಗಿ ತುಂಬಿಸಬೇಡಿ, ಖಾಲಿ ಬಿಡಿ. ಜ್ವರ ಬಂದು ಮಲಗಿದ್ದೂ ವರ್ಷದ ಲೆಕ್ಕವೇ.

ಹಂತ 3: ಕೈಯಲ್ಲಿರುವ ಮೊಬೈಲ್ ಸಾಕು

ಕ್ಯಾಮೆರಾ ಇದ್ದರೆ ತೊಂದರೆಯಿಲ್ಲ, ಇಲ್ಲದಿದ್ದರೂ ಇಲ್ಲ. ಕಲಿಯಬೇಕಾದ್ದು ಮೂರೇ. ಪರದೆಯನ್ನು ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಅಲ್ಲೇ ನಿಲ್ಲುತ್ತವೆ. ಆಮೇಲೆ ಪಕ್ಕದ ಗೆರೆಯನ್ನು ಮೇಲೆ-ಕೆಳಗೆ ಎಳೆದು ಬೆಳಕು ಹೆಚ್ಚು-ಕಡಿಮೆ ಮಾಡಬಹುದು. ಎದುರಿಗಿರುವುದನ್ನೆಲ್ಲ ಹದವಾದ ಬೂದು ಬಣ್ಣ ಮಾಡುವುದೇ ಕ್ಯಾಮೆರಾದ ಸ್ವಭಾವ. ಹಾಗಾಗಿ ಮಂಜನ್ನು ಕೊಳೆಬಟ್ಟೆಯ ಹಾಗೆ ತೋರಿಸುತ್ತದೆ. ಬೆಳಕನ್ನು ಅರ್ಧದಿಂದ ಒಂದು ಸ್ಟಾಪ್ ಹೆಚ್ಚಿಸಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಫ್ರೇಮ್ ತುಂಬ ಕಪ್ಪು ಕೊಡೆ, ಕಂಬಳಿಕೊಪ್ಪೆ ಇದ್ದರೆ ಅದನ್ನೇ ಕಡಿಮೆ ಮಾಡಿ. ಮೂರನೆಯದು, ಬ್ಯೂಟಿ ಮೋಡ್ ಆರಿಸಿ. ಸಂತೆಯ ಅಜ್ಜಿಯ ಮುಖದ ಸುಕ್ಕು ಅಳಿಸಲು ಮೊಬೈಲ್‌ಗೇನು ಅಧಿಕಾರ?

ಹಂತ 4: ಕಾಲಕ್ಕೆ ತಕ್ಕಂತೆ ಕಣ್ಣು ಬದಲಿಸಿ

ಆರು ಜಾಗದ ಚಿತ್ರ ಬೆನ್ನೆಲುಬು. ಅದರ ಜೊತೆ ಪ್ರತಿ ಸುತ್ತಿನಲ್ಲೂ ಒಂದು ಕೆಲಸದ ಚಿತ್ರ ತೆಗೆಯಿರಿ. ಊರಿನಲ್ಲಿ ಕಾಲ ಕಾಣುವುದು ಆಕಾಶಕ್ಕಿಂತ ಹೆಚ್ಚು ಜನರ ಕೈಯಲ್ಲಿ.

ಮಳೆಗಾಲ ಶುರುವಾಗುವುದು ಮಳೆಗಿಂತ ಮೊದಲು. ಮೇ ಮಧ್ಯದಿಂದಲೇ ಹಂಚು ಕೈಯಾಡಿಸುವವರು ಮಾಡು ಹತ್ತಿರುತ್ತಾರೆ, ಕಟ್ಟಿಗೆ ಒಟ್ಟುತ್ತಾರೆ, ಕೊಡೆ ರಿಪೇರಿಯವನು ಕಂಬಿ ಹರಡಿಕೊಂಡು ಕೂರುತ್ತಾನೆ, ಅಂಗಡಿಗಳೆದುರು ನೀಲಿ ತಾಡಪತ್ರೆ ಏರುತ್ತದೆ. ಈ ತಯಾರಿಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲವೂ ಇದೇ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಮೈಲುತುತ್ತ ಕರಗಿದ ಡ್ರಮ್ಮಿನ ನೀಲಿಯನ್ನು ಒಮ್ಮೆ ಮೇಲಿನಿಂದ ತೆಗೆಯಿರಿ, ಮರ ಇಳಿದು ಬಂದವನ ಅಂಗಿಯ ಮೇಲಿನ ನೀಲಿ ಚುಕ್ಕೆಯನ್ನು ಇನ್ನೊಮ್ಮೆ. ಎರಡನೆಯದೇ ಒಳ್ಳೆಯ ಚಿತ್ರ.

ಮಳೆ ಹಿಡಿದ ಮೇಲೆ ಒಂದು ಮಾತು: ಬಿಳಿ ಆಕಾಶದ ಎದುರು ಮಳೆಹನಿ ಕಾಣುವುದಿಲ್ಲ. ಹಿಂದೆ ಕಪ್ಪಗಿನದೇನಾದರೂ ಇರಲಿ — ತೆರೆದ ಬಾಗಿಲು, ಒದ್ದೆ ಮರ, ಪಾಚಿಗಟ್ಟಿದ ಗೋಡೆ. ಹನಿ ಮಣಿಯ ಹಾಗೆ ನಿಲ್ಲಬೇಕೆಂದರೆ ಶಟರ್ 1/500 ಸೆಕೆಂಡ್, ದಾರದ ಹಾಗೆ ಇಳಿಯಬೇಕೆಂದರೆ 1/30. ಮೊಬೈಲ್‌ನ ಪ್ರೊ ಮೋಡ್‌ನಲ್ಲಿ ಇದು ಸಿಗುತ್ತದೆ. ಚಳಿಗಾಳಿಯಿಂದ ಬಿಸಿ ಚಾ ಅಂಗಡಿಯೊಳಗೆ ಹೊಕ್ಕಾಗ ಲೆನ್ಸಿಗೆ ಮಬ್ಬು ಕಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಒಂದು ಚಾ ಕುಡಿಯಿರಿ, ತಾನೇ ಹೋಗುತ್ತದೆ. ಸಂತೆಯಲ್ಲಿ ಕಳಲೆ ಬಂದಿರುತ್ತದೆ, ಎಲೆ ಹಾಸಿದ ಬುಟ್ಟಿಯಲ್ಲಿ ಅಣಬೆ. ಬೆಲೆ ಬರೆದ ರಟ್ಟು ಕಂಡರೆ ತಪ್ಪದೆ ಫ್ರೇಮಿನೊಳಗೆ ಸೇರಿಸಿ. ಹತ್ತು ವರ್ಷದ ನಂತರ ಎಲ್ಲರೂ ಮೊದಲು ಓದುವುದು ಅದನ್ನೇ.

ಹುಬ್ಬಾ-ಉತ್ತರೆ ಮಳೆನಕ್ಷತ್ರಗಳ ಆಸುಪಾಸಿಗೆ ಚೌತಿ. ಅದಕ್ಕೆ ಮುಂಚೆ ಹವ್ಯಕರ ಕೇರಿಗಳಲ್ಲಿ ಚಕ್ಕುಲಿ ಕಂಬಳ ನಡೆಯುತ್ತದೆ: ಅಕ್ಕಪಕ್ಕದವರೆಲ್ಲ ಒಂದು ಮನೆಯಲ್ಲಿ ಸೇರಿ, ಗಟ್ಟಿ ಹಿಟ್ಟನ್ನು ಒರಳಿಲ್ಲದೆ ಕೈಯಲ್ಲೇ ಹೊಸೆದು ಸುತ್ತುವುದು. ನಾನು ಮೊದಲ ಸಲ ಅಲ್ಲಿ ಬಾಣಲೆಯ ಮುಂದೆ ನಿಂತು ಹೊಗೆಯನ್ನೇ ತೆಗೆದೆ. ನೋಡಬೇಕಾದ್ದು ಬೆರಳು. ಹೆಬ್ಬೆರಳು, ತೋರುಬೆರಳುಗಳ ಮಧ್ಯೆ ಹಿಟ್ಟು ಹುರಿಯಾಗುತ್ತ ಇಳಿಯುತ್ತದೆ, ಅಂಗೈ ಅಲುಗುವುದೇ ಇಲ್ಲ, ಬಾಳೆಲೆಯ ಮೇಲೆ ಸುತ್ತು ಬೆಳೆಯುತ್ತದೆ. ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಇರುವಂತೆ ನೆಲಕ್ಕೆ ಕೂತು, ಎಲೆಯ ಮಟ್ಟಕ್ಕೆ ಮೊಬೈಲ್ ಇಳಿಸಿ. ಒಬ್ಬರದೇ ಕೈಯ ಐದು ಚಿತ್ರ ತೆಗೆಯಿರಿ, ಐವರ ಮುಖದ್ದಲ್ಲ. ಸುತ್ತು ಮುರಿದು ನಗೆಯೆದ್ದಾಗಿನ ಚಿತ್ರ ತಾನಾಗಿ ಸಿಗುತ್ತದೆ.

ಮಳೆ ಬಿಟ್ಟ ಮೇಲೆ ಅಡಿಕೆ ಕೊಯ್ಲು. ಹಸಿರಡಿಕೆ ಸುಲಿದು, ತೊಗರು (ಮೊದಲು ಅಡಿಕೆ ಬೇಯಿಸಿದ ಗಟ್ಟಿ ನೀರು) ಹಾಕಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾಗಿಸಿ ಸಿಪ್ಪೆ ಸಮೇತ ಸುಮಾರು 40 ದಿನ ಒಣಗಿಸಿ ಸುಲಿದರೆ ಚಾಲಿ. ಅಂಗಳದ ಬಣ್ಣ ಈ ಕೆಲಸದ ಜೊತೆ ಬದಲಾಗುವುದರಿಂದಲೇ ಅದು ನನ್ನ ಆರರಲ್ಲಿ ಒಂದು. ರಾತ್ರಿ ಜಗಲಿಯಲ್ಲಿ ಒಂದೇ ಬಲ್ಬಿನ ಕೆಳಗೆ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಹೆಂಗಸರ ಸಾಲಿಗೆ ಫ್ಲ್ಯಾಶ್ ಬೇಡವೇ ಬೇಡ. ಕಣ್ಣಿಗೆ ಬೆಳಕು ಹೊಡೆದು ಕೈ ತಪ್ಪಿದರೆ ಬೆರಳಿಗೆ ಕತ್ತಿ. ಕೊನೆಗೌಡರು ಮರದಿಂದ ಮರಕ್ಕೆ ದಾಟುತ್ತ ಕೊನೆ ಕೊಯ್ಯುವುದನ್ನು ಈಗಲೇ ತೆಗೆದಿಡಿ. ಕಾರ್ಬನ್ ಫೈಬರ್ ದೋಟಿ ಬಂದು ಬಹಳ ತೋಟಗಳಲ್ಲಿ ಕೆಲಸ ನೆಲಕ್ಕಿಳಿದಿದೆ. ದೋಟಿಯನ್ನೂ ತೆಗೆಯಿರಿ, ಹಳೆಯದಷ್ಟೇ ಚೆಂದ ಎಂಬ ಚಟ ಒಳ್ಳೆಯದಲ್ಲ, ಮರದಿಂದ ಬೀಳುವ ಭಯ ಇಲ್ಲದಿರುವುದು ಸಣ್ಣ ಮಾತೇ?

ಚಳಿಗಾಲದ ಬಗ್ಗೆ ಹೇಳುವುದು ಕಡಿಮೆ. ಬೆಳಕು ಓರೆಯಾಗಿ, ಮೆತ್ತಗೆ ಬೀಳುತ್ತದೆ, ಯಾರು ತೆಗೆದರೂ ಚೆನ್ನಾಗಿ ಬರುತ್ತದೆ. ಆಲೆಮನೆಯ ಕೊಪ್ಪರಿಗೆಯಿಂದ ಹಬೆ ಏಳುವಾಗ ಬೆಳಕಿಗೆ ಎದುರಾಗಿ ನಿಲ್ಲಿ, ಅಷ್ಟೆ.

ಬೇಸಿಗೆ ಬಂತೆಂದರೆ ಶಿರಸಿಗೆ ಎರಡು ಮುಖ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ಆಯಿತು, 2024ರಲ್ಲಿ ಆಯಿತು. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ. ಜಾತ್ರೆಯ ಚಿತ್ರ ಎಲ್ಲರ ಬಳಿಯೂ ಇರುವುದರಿಂದ ಒಂದೇ ಸಲಹೆ: ಬಿಡಕಿಬಯಲಿನ ನಿಮ್ಮ ಮೂಲೆಯಲ್ಲೇ ನಿಲ್ಲಿ. ಹಂದರ ಏಳುವ ಮೊದಲು, ಜನಸಾಗರದ ಮಧ್ಯೆ, ಎಲ್ಲ ಕಿತ್ತುಹೋದ ಮರುದಿನ — ಒಂದೇ ಫ್ರೇಮಿನ ಈ ಮೂರು ಚಿತ್ರದ ಮುಂದೆ ತೇರಿನ ನೂರು ಚಿತ್ರ ಸಪ್ಪೆ.

ಬೇಡರ ವೇಷ ರಾತ್ರಿಯದು. ಬೆನ್ನಿಗೆ ನವಿಲುಗರಿಯ ಭಾರ ಕಟ್ಟಿಕೊಂಡು, ಕತ್ತಿ-ಗುರಾಣಿ ಹಿಡಿದು, ಹಲಗೆಯ ಪೆಟ್ಟಿಗೆ ಕುಣಿಯುವ ಬೇಡನನ್ನು ಹಿಂದಿನಿಂದ ಹಗ್ಗ ಹಿಡಿದು ತಡೆಯುತ್ತಿರುತ್ತಾರೆ. ನೈಟ್ ಮೋಡ್‌ನಲ್ಲಿ ಇದು ಬಣ್ಣದ ಕಲಸುಮೇಲೋಗರವಾಗುತ್ತದೆ. ಅದನ್ನು ಆರಿಸಿ, ಅಂಗಡಿಯ ದೀಪ ಬೀಳುವ ಕಡೆ ಮೊದಲೇ ಹೋಗಿ ನಿಂತು, ಸಾಲು ಚಿತ್ರ ತೆಗೆಯಿರಿ. ಹಗ್ಗ ಹಿಡಿದವರ ಮುಖವನ್ನೂ ಬಿಡಬೇಡಿ, ದಣಿವು ಇರುವುದು ಅಲ್ಲಿ. ಅದಕ್ಕಿಂತ ಒಳ್ಳೆಯದು ಸಂಜೆ ಬಣ್ಣ ಹಚ್ಚುವ ಕೋಣೆ. ತಾಸುಗಟ್ಟಲೆ ಹಿಡಿಯುವ ಕೆಲಸ. ಕೇಳಿಕೊಂಡು ಮೂಲೆಯಲ್ಲಿ ಕೂತರೆ ಪಕ್ಕದ ಬೀದಿಯ ಹುಡುಗ ಇಷ್ಟಿಷ್ಟಾಗಿ ಬೇಡನಾಗುವುದು ಕಾಣುತ್ತದೆ.

ವರ್ಷಕ್ಕೆ ಎರಡು ಸಲ ಊರ ಹೊರಗೂ ಹೋಗಿ. ಯಲ್ಲಾಪುರ ರಸ್ತೆಯ ಕಡೆಯ ಸಹಸ್ರಲಿಂಗದಲ್ಲಿ, ಶಾಲ್ಮಲೆಯ ಬಂಡೆಗಳ ಲಿಂಗಗಳು ಮಳೆಗಾಲದಲ್ಲಿ ಮುಳುಗಿ ಬೇಸಿಗೆಗೆ ಮೇಲೇಳುತ್ತವೆ. ಯಾವ ಲಿಂಗದ ಯಾವ ಮಟ್ಟಕ್ಕೆ ನೀರಿದೆ ಎನ್ನುವುದೇ ಆ ವರ್ಷದ ಅಳತೆಗೋಲು. ಮಳೆಗಾಲದ ಚಿತ್ರವನ್ನು ದಡದಿಂದಲೇ ತೆಗೆಯಿರಿ, ಬಂಡೆ ಜಾರುತ್ತದೆ.

ಹಂತ 5: ಕೇಳಿ ತೆಗೆಯಿರಿ, ತೆಗೆದದ್ದನ್ನು ಕೊಡಿ

ಸಣ್ಣ ಊರಿನಲ್ಲಿ ಕದ್ದು ಫೋಟೊ ತೆಗೆದು ತಪ್ಪಿಸಿಕೊಳ್ಳಲಾಗುವುದಿಲ್ಲ. ನಾಳೆ ಅದೇ ಅಂಗಡಿಗೆ ಸಾಮಾನಿಗೆ ಹೋಗಬೇಕು. ‘ಒಂದು ತೆಗೀಲಾ?’ ಅಂದರೆ ಸಾಕು. ಬೇಡ ಎಂದರೆ ನಕ್ಕು ಮೊಬೈಲ್ ಜೇಬಿಗಿಡಿ. ಮಕ್ಕಳದ್ದಾದರೆ ಮನೆಯವರನ್ನು ಕೇಳಿ. ಸೊಪ್ಪಿನ ಸಾಲಿನ ಒಬ್ಬಾಕೆ ಮೊದಲ ವರ್ಷ ಪ್ರತಿ ಸಲವೂ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು, ನಾನು ಬುಟ್ಟಿಯನ್ನಷ್ಟೇ ತೆಗೆಯುತ್ತಿದ್ದೆ. ಬುಟ್ಟಿಯ ಚಿತ್ರವನ್ನೇ ಪ್ರಿಂಟ್ ಹಾಕಿಸಿ ಕೊಟ್ಟೆ. ಮುಂದಿನ ಸುತ್ತಿಗೆ ಹೊಸ ಸೀರೆ ಉಟ್ಟು ಬಂದು, ‘ಈಗ ತೆಗಿ’ ಅಂದರು. ಹಾಗೆ ಸಿಂಗರಿಸಿಕೊಂಡು ನಿಂತ ಚಿತ್ರವೂ ಬೇಕು. ಜನ ತಮ್ಮನ್ನು ಹೇಗೆ ಕಾಣಿಸಿಕೊಳ್ಳಲು ಇಷ್ಟಪಡುತ್ತಾರೆ ಎಂಬುದಕ್ಕೂ ದಾಖಲೆ ಇರಲಿ.

ಹಂತ 6: ಅದೇ ದಿನ ಹೆಸರು ಬರೆಯಿರಿ

ಬೇಸರದ ಕೆಲಸ ಇದು, ಬಿಡುವಂತಿಲ್ಲ. ನಮ್ಮ ಅಟ್ಟದ ಬಿಸ್ಕತ್ತು ಡಬ್ಬದಲ್ಲಿ ಅಜ್ಜಿಯ ಕಾಲದ 31 ಫೋಟೊಗಳಿದ್ದವು. ಒಂದರಲ್ಲಿ ಕಂಬಳಿ ಹೊದ್ದ ನಾಲ್ವರು ಯಾವುದೋ ಕಟ್ಟೆ ಮೇಲೆ ಕೂತು ನಗುತ್ತಿದ್ದಾರೆ. ಯಾರು, ಎಲ್ಲಿ, ಯಾಕೆ ನಗು — ಒಂದೂ ಗೊತ್ತಿಲ್ಲ. ಅಜ್ಜಿಗೆ ಗೊತ್ತಿತ್ತು. ಅವಳಿದ್ದಾಗ ನಾನು ಕೇಳಲಿಲ್ಲ.

ಫೈಲಿನ ಹೆಸರು ಹೀಗಿರಲಿ: ‘2024-06-25 ಆರಿದ್ರಾ ದೇವಿಕೆರೆ’. ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಆಗ ಕಂಪ್ಯೂಟರಿನಲ್ಲಿ ತಾನೇ ಸಾಲಾಗಿ ಕೂರುತ್ತವೆ. ಜೊತೆಗೊಂದು ಸಾದಾ ನೋಟ್‌ಬುಕ್. ಅದರಲ್ಲಿ ಎರಡೇ ಸಾಲು: ಯಾರಿದ್ದರು, ಏನು ಕೇಳಿಸಿತು. ವಾಸನೆ, ಬೆಲೆ, ಮಾತು ಫೋಟೊದಲ್ಲಿ ಬರುವುದಿಲ್ಲವಲ್ಲ. ನನ್ನ ಒಂದು ಸಾಲು: ‘ಪುನರ್ವಸು. ಕರೆಂಟಿಲ್ಲದೆ ಮೂರನೇ ದಿನ. ಚಾ ಅಂಗಡಿಯವನು ಮೇಣದಬತ್ತಿಗೂ ದರ ಏರಿಸಿದ್ದಾನೆ ಅಂತ ಜಗಳ.’ ಚಿತ್ರದಲ್ಲಿರುವುದು ಖಾಲಿ ಬೆಂಚು ಮಾತ್ರ.

ಹಂತ 7: ಬೂಷ್ಟಿನಿಂದ ಕಾಪಾಡಿ

ಮಲೆನಾಡಿನಲ್ಲಿ ಫೋಟೊದ ಮೊದಲ ಶತ್ರು ಬೂಷ್ಟು. ಒಂದು ಮಳೆಗಾಲ ಚರ್ಮದ ಚೀಲದಲ್ಲಿಟ್ಟಿದ್ದ ನನ್ನ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆ ಬೆಳೆದಿತ್ತು. ರಿಪೇರಿಗೆ ಹೇಳಿದ ಮೊತ್ತ ಕೇಳಿ ಲೆನ್ಸನ್ನೇ ಮರೆತೆ. ಚರ್ಮದ ಚೀಲ ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಬಣ್ಣದ ಸಿಲಿಕಾ ಜೆಲ್ ಹರಳು. ಅದರ ಬಣ್ಣ ಬದಲಾದರೆ ತೇವ ಹೀರಿ ಮುಗಿದಿದೆ ಎಂದರ್ಥ. ಹಳೆ ತಗಡಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಅಡುಗೆ ಪಾತ್ರೆಗೆ ಹಾಕಬೇಡಿ. ಅಕ್ಕಿಯಲ್ಲಿ ಹೂಳುವ ಉಪಾಯವೂ ಬೇಡ, ಹಿಟ್ಟಿನ ಧೂಳು ಒಳಸೇರುತ್ತದೆ.

ಫೈಲುಗಳ ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ ಅಥವಾ ಕ್ಲೌಡ್‌ನಲ್ಲಿ. ಆರು ಜಾಗ, 27 ಸುತ್ತು ಅಂದರೆ ವರ್ಷಕ್ಕೆ 162 ಚಿತ್ರ. ಒಂದಕ್ಕೆ 4 ಎಂಬಿ ಹಿಡಿದರೂ ಒಂದು ಜಿಬಿ ಒಳಗೆ ಮುಗಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೇ ಪ್ರತಿ ಎಂದುಕೊಳ್ಳಬೇಡಿ, ಅದು ಚಿತ್ರವನ್ನು ಕುಗ್ಗಿಸುತ್ತದೆ, ತೆಗೆದ ದಿನಾಂಕವನ್ನೂ ಅಳಿಸುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಪ್ರಿಂಟ್ ಹಾಕಿಸಿ. 4×6 ಇಂಚಿಗೆ 1200×1800 ಪಿಕ್ಸೆಲ್ ಸಾಕು, ಯಾವ ಮೊಬೈಲ್‌ನಲ್ಲೂ ಅಷ್ಟಿರುತ್ತದೆ. ಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂಚು ಬಿಡಲು ಹೇಳಿ. ಇಲ್ಲದಿದ್ದರೆ ಎರಡು ಮಳೆಗಾಲಕ್ಕೆ ಚಿತ್ರ ಗಾಜಿಗೆ ಅಂಟಿಕೊಂಡಿರುತ್ತದೆ.

ಹಂತ 8: ಊರಿಗೇ ತೋರಿಸಿ

ವರ್ಷ ತುಂಬಿದಾಗ ಒಂದು ಜಾಗದ 27 ಚಿತ್ರ ಆರಿಸಿ, ಒಪ್ಪಿದರೆ ಆ ಜಾಗದ ಪಕ್ಕದಲ್ಲೇ ತೂಗುಹಾಕಿ. ನನ್ನ ಮೊದಲ ‘ಪ್ರದರ್ಶನ’ ಆ ಚಾ ಅಂಗಡಿಯ ಗೋಡೆಯಲ್ಲೇ ಆದದ್ದು: ಸೆಣಬಿನ ದಾರ, ಬಟ್ಟೆಯ ಕ್ಲಿಪ್ಪು. ಚಿತ್ರದ ಕೆಳಗೆ ಬಿಳಿ ಜಾಗ ಬಿಟ್ಟು, ಪಕ್ಕದಲ್ಲೊಂದು ಪೆನ್ಸಿಲ್ ಕಟ್ಟಿ. ‘ಇದು ಸ್ವಾತಿ ಅಲ್ಲ, ಚಿತ್ತೆ’, ‘ಹಿಂದೆ ನಿಂತವನು ನಮ್ಮ ಮಾವ’, ‘ಈ ಬಸ್ಸು ಈಗಿಲ್ಲ’ ಎಂದೆಲ್ಲ ಬರೆಯುತ್ತಾರೆ, ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಪೆನ್ನು ಇಡಬೇಡಿ, ಪೆನ್ಸಿಲ್ಲೇ ಇರಲಿ, ಪಕ್ಕದಲ್ಲೊಂದು ರಬ್ಬರೂ. ಮೊದಲು ಬರೆದವರದ್ದು ತಪ್ಪು ಅನ್ನುವವರು ಮಧ್ಯಾಹ್ನದ ಚಾಕ್ಕೆ ಬಂದೇ ಬರುತ್ತಾರೆ.